ಬೆಳ್ಳಿಯ ಕಪ್ಪು

“ಗ್ಲೌಸ್ ತೆಗೀರಿ ಸರ್.”

ಪ್ರೊಫೆಸರ್ ಕೇಳಿಸದವರಂತೆ ಕಿಟಕಿಯ ಪರದೆಯನ್ನು ಇನ್ನಷ್ಟು ಎಳೆದರು. ಎರಡೂ ಕೈಗಳಲ್ಲಿ ನೀಲಿ ರಬ್ಬರಿನ ತೆಳು ಗ್ಲೌಸ್. ಪ್ರಯೋಗಾಲಯದಲ್ಲಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಇದು ಅವರ ಸ್ವಂತ ಕೋಣೆ. ಮೇಜಿನ ಮೇಲೆ ಅರ್ಧ ಕುಡಿದ ಕಾಫಿ, ಒಂದು ತಟ್ಟೆ ಬಿಸ್ಕತ್ತು, ಗೋಡೆಯ ಗಾಜಿನ ಕಪಾಟಿನಲ್ಲಿ ಸಾಲು ಪದಕಗಳು. ಬಿಸ್ಕತ್ತು ತಿನ್ನುವ ಕೈಗೆ ಗ್ಲೌಸ್ ಏಕೆ?

“ಚರ್ಮದ ಅಲರ್ಜಿ” ಎಂದರು.

“ಯಾವತ್ತಿಂದ?”

“ಏನು?”

“ಅಲರ್ಜಿ ಯಾವತ್ತಿಂದ ಸರ್? ನಿಮ್ಮ ಶಿಷ್ಯ ಸತ್ತ ದಿನದಿಂದಾನೋ, ಮಾರನೇ ದಿನದಿಂದಾನೋ?”

ಇನ್ಸ್‌ಪೆಕ್ಟರಳ ದನಿ ಏರಿರಲಿಲ್ಲ. ಏರದ ದನಿಯೇ ಹೆಚ್ಚು ಅಪಾಯವೆಂಬುದು ಬಾಗಿಲ ಬಳಿ ನಿಂತಿದ್ದ ದಫೇದಾರರಿಗೆ ಚೆನ್ನಾಗಿ ಗೊತ್ತಿತ್ತು. ಠಾಣೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ‘ಸಿಡಿಮದ್ದು’ ಎನ್ನುತ್ತಿದ್ದರು. ಹೆಸರಿಟ್ಟವರು ದಫೇದಾರರೇ. ಅವಳು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಹಜರು ಬರೆಯುವುದನ್ನು ಕೂತು ಕಲಿಸಿದವರೂ ಅವರೇ. ಹಾಗಾಗಿ ಆ ಒಂದು ಹೆಸರಿನ ತಪ್ಪನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು.

“ಮೇಡಂ, ಒಂದು ಲೋಟ ನೀರು ತರಿಸಲಾ?” ಎಂದರು ದಫೇದಾರರು.

“ಬೇಡ. ಸಾಹೇಬರು ಮೊದಲು ಗ್ಲೌಸ್ ತೆಗೀಲಿ.”

ಕಳೆದ ವಾರ ರಜೆಯ ದಿನ ಈ ಕಟ್ಟಡದ ಮೈಕ್ರೋಸ್ಕೋಪ್ ಕೋಣೆಯಲ್ಲಿ ಒಬ್ಬ ಸಂಶೋಧಕ ಉಸಿರುಕಟ್ಟಿ ಸತ್ತಿದ್ದ. ಸಂಸ್ಥೆ ಅವನ ಸಾವನ್ನು ‘ಅಜಾಗರೂಕತೆ’ ಎಂಬ ಒಂದೇ ಪದದಲ್ಲಿ ಹೂತುಹಾಕಿತ್ತು. ಆ ಪದ ಬರೆದ ಕೈ ಈಗ ಅವಳ ಎದುರಿಗೇ ಇತ್ತು, ನೀಲಿ ರಬ್ಬರಿನೊಳಗೆ.

ಸತ್ತವನ ಹೆಂಡತಿ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಬರಬೇಡಿ ಎಂದರೂ ಬಂದಿದ್ದಳು. “ಅವರನ್ನ ಅಜಾಗರೂಕ ಅಂದೋರ ಮುಖ ನಾನೊಂದ್ಸಲ ನೋಡಬೇಕು ಮೇಡಂ” ಎಂದಿದ್ದಳು. ಆಮೇಲೆ ಬೇಡ ಎನ್ನಲು ಇನ್ಸ್‌ಪೆಕ್ಟರಿಗೆ ಬಾಯಿ ಬರಲಿಲ್ಲ.

ಆಕೆ ದೊಡ್ಡಾಸ್ಪತ್ರೆಯ ಸುಟ್ಟ ಗಾಯಗಳ ವಾರ್ಡಿನ ನರ್ಸ್. ಇಡೀ ಕಥೆ ಶುರುವಾದದ್ದು ಅಲ್ಲಿಂದಲೇ.

ಆಕೆಯ ಗಂಡ ಬೆಳ್ಳಿಯ ಕೆಲಸ ಮಾಡುತ್ತಿದ್ದ. ಅಕ್ಕಸಾಲಿಗನ ಬೆಳ್ಳಿಯಲ್ಲ. ಒಂದು ತಲೆಗೂದಲಿನ ದಪ್ಪದಲ್ಲಿ ಸಾವಿರಾರು ಸಾಲುಗಟ್ಟಿ ನಿಲ್ಲಬಹುದಾದಷ್ಟು ಸಣ್ಣ ಕಣಗಳು, ನ್ಯಾನೊ ಕಣಗಳು. ಅವನ್ನು ಹತ್ತಿಯ ಎಳೆಗಳಿಗೆ ಅಂಟಿಸಿ ಡ್ರೆಸಿಂಗ್ ಪಟ್ಟಿ ಮಾಡುವ ವಿಧಾನ ಅವನದು. ಸುಟ್ಟ ಗಾಯಕ್ಕೆ ಆ ಪಟ್ಟಿ ಕಟ್ಟಿದರೆ ಕೀವಾಗದು, ಸೋಂಕು ಹತ್ತಿರ ಸುಳಿಯದು.

“ನನಗೆ ಅಡುಗೆಮನೇಲಿ ಉಪ್ಪು ಇಟ್ಕೊಂಡು ವಿವರಿಸಿದ್ರು” ಎಂದು ನರ್ಸ್ ಮೊದಲ ಭೇಟಿಯಲ್ಲಿ ಹೇಳಿದ್ದಳು. “ಹರಳುಪ್ಪು ನೀರಿಗೆ ಹಾಕಿದ್ರೆ ನಿಧಾನಕ್ಕೆ ಕರಗುತ್ತೆ, ಪುಡಿಯುಪ್ಪು ಕಣ್ಣುಮುಚ್ಚಿ ತೆರೆಯೋದ್ರೊಳಗೆ. ಸಣ್ಣದಾದಷ್ಟೂ ಹೊರಮೈ ಜಾಸ್ತಿ, ಮೈ ಜಾಸ್ತಿಯಾದಷ್ಟೂ ಕೆಲಸ ಜಾಸ್ತಿ, ಬೆಳ್ಳೀನೂ ಹಾಗೇ ಅಂತಿದ್ರು. ‘ನಿನ್ನ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ ಕಣೆ’ ಅಂತ ನನ್ನ ಸೊಂಟ ನೋಡಿ ನಗ್ತಿದ್ರು.”

ಅಷ್ಟು ಹೇಳಿ ಆಕೆ ಅತ್ತಿರಲಿಲ್ಲ. ಹಲ್ಲು ಕಚ್ಚಿದ್ದಳು.

ಪಟ್ಟಿ ತಯಾರಿಸುವ ಹಕ್ಕು ಒಂದು ಕಾರ್ಖಾನೆಗೆ ಹೋಯಿತು. ಮೊದಲು ಬಂದ ಪೆಟ್ಟಿಗೆಗಳು ಚಿನ್ನದಂಥವು. ಆಮೇಲೆ ವಾರ್ಡಿನಲ್ಲಿ ಏನೋ ಎಡವಟ್ಟಾಯಿತು. ಒಲೆ ಸಿಡಿದು ಕೈ ಎದೆ ಸುಟ್ಟುಕೊಂಡಿದ್ದ ಒಬ್ಬ ಬೇಕರಿಯ ಹೆಂಗಸು ಗುಣವಾಗುತ್ತಿದ್ದಳು. ವಾರ್ಡಿಗೆಲ್ಲ ತಮಾಷೆ ಹೇಳಿ ನಗಿಸುತ್ತಿದ್ದಳು. ಹೊಸ ಪೆಟ್ಟಿಗೆಯ ಪಟ್ಟಿ ಕಟ್ಟಿದ ಮೇಲೆ ಗಾಯ ನಾರತೊಡಗಿತು. ಜ್ವರ ಏರಿತು. ಹೋಗಿಬಿಟ್ಟಳು. ಅವಳ ಹಿಂದೆಯೇ ಇನ್ನಿಬ್ಬರು.

“ನೋಡೋಕೆ ಅದೇ ಜೇನಿನ ಬಣ್ಣ ಮೇಡಂ. ಅದೇ ಪ್ಯಾಕೆಟ್ಟು, ಅದೇ ಮುದ್ರೆ. ನಂಬಿ ಕಟ್ಟಿದೆ. ಆಮೇಲೆ ಒಂದು ಪಟ್ಟಿ ಮನೆಗೆ ತಂದು ಇವರ ಮುಂದೆ ಎಸೆದೆ. ‘ನಿಮ್ಮ ಬೆಳ್ಳಿ ಜನರನ್ನ ಸಾಯಿಸ್ತಾ ಇದೆ’ ಅಂದೆ.”

ಅವನು ಪಟ್ಟಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ತೆಗೆದ ಚಿತ್ರವೊಂದು ಆಕೆಯ ಫೋನಿನಲ್ಲಿತ್ತು. ಅಸಲಿ ಪಟ್ಟಿಯ ಎಳೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಣಗಳಿರಬೇಕು. ಈ ಎಳೆ ಬೋಳು. ಚಿತ್ರದ ಕೆಳಗೆ ಅವನು ಬರೆದಿದ್ದು ಎರಡೇ ಮಾತು: ‘ಬರೀ ಬಣ್ಣ.’

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗಾದೆ. ಜೇನಿನ ಬಣ್ಣ ಇರುವುದೆಲ್ಲ ಬೆಳ್ಳಿಯಲ್ಲ ಎಂಬುದನ್ನು ಮೂರು ಜೀವ ತೆತ್ತು ಆ ವಾರ್ಡು ಕಲಿತಿತ್ತು.

“ಸರ್, ನಿಮ್ಮಿಂದಾಗಲ್ಲ ಅಂದ್ರೆ ನಾನೇ ತೆಗೀತೀನಿ.”

ಇನ್ಸ್‌ಪೆಕ್ಟರ್ ಮೇಜು ಸುತ್ತಿ ಬಂದಳು. ಪ್ರೊಫೆಸರ್ ಕುರ್ಚಿ ಹಿಂದಕ್ಕೆ ಸರಿಸಿದರು. ಕುರ್ಚಿಯ ಗಾಲಿ ಗೋಡೆಗೆ ಬಡಿಯಿತು.

“ಇದು ಸಂಸ್ಥೆ ಮೇಡಂ, ನಿಮ್ಮ ಲಾಕಪ್ ಅಲ್ಲ. ನಿರ್ದೇಶಕರಿಗೆ ಒಂದು ಫೋನ್ ಮಾಡಿದ್ರೆ...”

“ಮಾಡಿ. ಗ್ಲೌಸ್ ಹಾಕ್ಕೊಂಡು ನಂಬರ್ ಒತ್ತೋಕಾದ್ರೆ ಒತ್ತಿ.”

ಪ್ರೊಫೆಸರ್ ಅವಳನ್ನು ದಿಟ್ಟಿಸಿದರು. ಆಮೇಲೆ ಎಡಗೈಯ ಗ್ಲೌಸ್ ಎಳೆದರು. ಬಿಳಿ, ಮೆದು, ಮೇಷ್ಟರ ಕೈ. ಬಲಗೈಯದನ್ನು ತೆಗೆಯಲು ಸ್ವಲ್ಪ ತಡವಾಯಿತು.

ನಾಲ್ಕು ಬೆರಳುಗಳ ಒಳಮೈ ಕಪ್ಪಾಗಿತ್ತು. ಹೆಬ್ಬೆರಳಿನ ಪಕ್ಕವೂ ಅಷ್ಟೆ. ಮಸಿಯ ಕಪ್ಪಲ್ಲ, ಸುಟ್ಟ ಕಪ್ಪಲ್ಲ. ಚರ್ಮದ ಒಳಗಿನಿಂದಲೇ ಹುಟ್ಟಿಬಂದಂಥ ಕಂದುಗಪ್ಪು. ಉಜ್ಜಿ ಉಜ್ಜಿ ಬೆರಳ ತುದಿಗಳು ಕೆಂಪಾಗಿ ಸುಲಿದಿದ್ದವು. ಕಪ್ಪು ಮಾತ್ರ ಕದಲಿರಲಿಲ್ಲ.

“ಸಿಲ್ವರ್ ನೈಟ್ರೇಟ್” ಎಂದಳು ಇನ್ಸ್‌ಪೆಕ್ಟರ್.

“ಹೌದು. ಅದರಲ್ಲೇನಿದೆ?” ಪ್ರೊಫೆಸರರ ದನಿಗೆ ಹಳೆಯ ಗತ್ತು ಮರಳಿತು. “ನಮ್ಮ ಕೆಲಸವೇ ಅದು. ಆ ಲವಣದಿಂದಾನೇ ನಾವು ಬೆಳ್ಳಿ ಕಣ ಮಾಡೋದು. ಇಲ್ಲಿ ಯಾರ ಕೈಮೇಲೆ ಒಂದು ಹನಿ ಬಿದ್ರೂ ಕಪ್ಪಾಗುತ್ತೆ. ಹೋಗಿ ನೋಡಿ, ಅರ್ಧ ವಿದ್ಯಾರ್ಥಿಗಳ ಕೈಯಲ್ಲಿ ಕಲೆ ಇದೆ. ಎಲ್ಲರನ್ನೂ ಹಿಡ್ಕೊಂಡು ಹೋಗ್ತೀರಾ?”

“ವಿದ್ಯಾರ್ಥಿಗಳ ಕೈ ನೋಡಿದ್ದೀನಿ ಸರ್. ಹನಿ ಬಿದ್ದ ಕಲೆ ಚುಕ್ಕಿ ಚುಕ್ಕಿ ಇರುತ್ತೆ, ಕೈಯ ಮೇಲ್ಗಡೆ ಇರುತ್ತೆ. ನಿಮ್ಮದು ಏನನ್ನೋ ಮುಷ್ಟಿ ಕಟ್ಟಿ ಹಿಡಿದ ಕಲೆ.” ಅವಳು ಮೇಜಿನ ಮೇಲಿದ್ದ ಛತ್ರಿಯ ಹಿಡಿಯನ್ನು ಹಿಡಿದು ತೋರಿಸಿದಳು. “ಹೀಗೆ.”

ಪ್ರೊಫೆಸರ್ ಬಲಗೈಯನ್ನು ಮೇಜಿನ ಕೆಳಗೆ ಸರಿಸಿದರು.

“ಮೊದಲ ದಿನ ನಾನು ಬಂದಾಗ ಏನು ಹೇಳಿದ್ರಿ, ನೆನಪಿದೆಯಾ? ‘ನಾನು ಬೀಕರ್ ಮುಟ್ಟಿ ವರ್ಷಗಳೇ ಆದವು, ನನ್ನದೇನಿದ್ರೂ ತಲೆಯ ಕೆಲಸ, ಕೈಯ ಕೆಲಸವೆಲ್ಲ ಹುಡುಗರದ್ದು’ ಅಂದ್ರಿ. ತಲೆಯ ಕೆಲಸ ಮಾಡೋರ ಕೈ ಹೆಂಗೆ ಕಪ್ಪಾಯ್ತು?”

“ಎಲ್ಲೋ ತಾಗಿರಬೇಕು.”

“ಎಲ್ಲಿ ತಾಗಿದ್ದು ಅಂತ ನಾನು ಹೇಳ್ತೀನಿ. ನಿಮ್ಮ ಶಿಷ್ಯನ ಸ್ಯಾಂಪಲ್ ಕಪಾಟಿನ ಹಿಡಿ.”

ಹೆಂಡತಿಯ ಮೂಲಕ ವಾರ್ಡಿನಿಂದ ತರಿಸಿ ಅವನು ಕಪಾಟಿನಲ್ಲಿಟ್ಟಿದ್ದ ನಕಲಿ ಪಟ್ಟಿಗಳು ಒಂದೊಂದೇ ಮಾಯವಾಗುತ್ತಿದ್ದವು. ಬೀಗ ಬದಲಾಯಿಸಿದರೂ ನಿಲ್ಲಲಿಲ್ಲ. ಯಾರ ಮೇಲೆಂದು ಹೇಳುವುದು? ಅವನು ಒಂದು ಉಪಾಯ ಮಾಡಿದ. ಸಿಲ್ವರ್ ನೈಟ್ರೇಟಿಗೆ ಚೂರು ಗ್ಲಿಸರಿನ್ ಬೆರೆಸಿ ಕಪಾಟಿನ ಪ್ಲಾಸ್ಟಿಕ್ ಹಿಡಿಯ ಒಳಬದಿಗೆ ಸವರಿದ. ಹಚ್ಚಿದಾಗ ನೀರಿನ ಹಾಗೆ, ಬಣ್ಣವಿಲ್ಲ, ವಾಸನೆಯಿಲ್ಲ. ಮುಟ್ಟಿದವನಿಗೆ ಏನೂ ಗೊತ್ತಾಗದು. ಬೆಳಕು ತಾಗಿ ಒಂದಷ್ಟು ಹೊತ್ತಾದ ಮೇಲೆ ಚರ್ಮ ಕಪ್ಪಾಗುತ್ತದೆ. ಆ ಚರ್ಮ ಸವೆದು ಹೊಸದು ಬರುವ ತನಕ ಯಾವ ಸೋಪಿಗೂ ಬಗ್ಗುವುದಿಲ್ಲ.

‘ಕಳ್ಳನ ಕೈಗೆ ನಾನೇ ಬಣ್ಣ ಹಚ್ಚಿ ಬಂದಿದ್ದೀನಿ, ನೋಡ್ತಿರು’ ಎಂದು ಸಾಯುವ ಹಿಂದಿನ ದಿನ ಹೆಂಡತಿಗೆ ಹೇಳಿ ನಕ್ಕಿದ್ದ. ಅದನ್ನು ನೋಡಲು ಅವನೇ ಉಳಿಯಲಿಲ್ಲ.

“ಇದಕ್ಕೆಲ್ಲ ಸಾಕ್ಷಿ ಏನು?” ಎಂದರು ಪ್ರೊಫೆಸರ್. ದನಿ ತೆಳುವಾಗಿತ್ತು.

“ಹಿಡಿಯನ್ನ ಬಿಚ್ಚಿ ಪರೀಕ್ಷೆಗೆ ಕಳಿಸಿದ್ದೀನಿ. ನಿಮ್ಮ ಕೈಯನ್ನ ಬಿಚ್ಚಿ ಕಳಿಸೋಕಾಗಲ್ಲ. ಅದಕ್ಕೇ ನಿಮ್ಮನ್ನ ಪೂರ್ತಿ ಕರ್ಕೊಂಡು ಹೋಗ್ತೀನಿ.”

ದಫೇದಾರರು ಕೆಮ್ಮಿದರು. ನಗು ತಡೆಯಲು ಅವರು ಹಾಗೆ ಕೆಮ್ಮುವುದುಂಟು.

ಪ್ರೊಫೆಸರ್ ಕಪ್ಪು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಒಂದು ನಿಮಿಷ ಆ ಕೈ ಬೇರೆ ಯಾರದೋ ಎಂಬಂತೆ ನೋಡಿದರು. “ಪಟ್ಟಿಯ ಒಂದು ಲಾಟ್ ಕೆಟ್ಟಿದೆ ಅಂತ ಹೇಳಿದ್ರು” ಎಂದರು.

“ಯಾರು?”

“ಕಾರ್ಖಾನೆ ಮಾಲೀಕರು. ಯಂತ್ರದ ತೊಂದರೆಯಿಂದ ಒಂದು ಲಾಟಿಗೆ ಬೆಳ್ಳಿ ಹಿಡಿದಿಲ್ಲ, ಸರಿ ಮಾಡ್ತೀವಿ, ಅಷ್ಟರೊಳಗೆ ನಿಮ್ಮ ಹುಡುಗ ಊರೆಲ್ಲ ಡಂಗುರ ಸಾರಿದ್ರೆ ಎಲ್ಲರ ಮರ್ಯಾದೆ ಹೋಗುತ್ತೆ ಅಂದ್ರು. ಸ್ಯಾಂಪಲ್ ತಂದುಕೊಡಿ ಅಂದ್ರು.”

“ನೀವು ನಂಬಿದ್ರಿ.”

“ನಂಬೋಕೆ ಅನುಕೂಲ ಇತ್ತು.” ಪ್ರೊಫೆಸರ್ ಮುಖ ಎತ್ತಲಿಲ್ಲ. “ಪ್ರತಿ ಲಾಟಿನ ಗುಣಮಟ್ಟಕ್ಕೂ ಸಹಿ ನನ್ನದು. ನೋಡದೇ ಹಾಕ್ತಿದ್ದೆ.”

ಇನ್ಸ್‌ಪೆಕ್ಟರಿಗೆ ಮೈ ಉರಿಯಿತು. ಅಂಗೈಯಿಂದ ಮೇಜಿಗೆ ಒಂದು ಏಟು ಹಾಕಿದಳು. ಕಾಫಿ ಲೋಟ ಹಾರಿಬಿತ್ತು.

“ನೋಡದೇ! ಮೈ ಸುಟ್ಕೊಂಡು ಮಲಗಿರೋರ ಹಸಿ ಗಾಯದ ಮೇಲೆ ಬಣ್ಣದ ಬಟ್ಟೆ ಕಟ್ಟಿಸಿದ್ರಿ ನೀವು, ನೋಡದೇ! ಅದನ್ನ ನೋಡಿದ ಒಬ್ಬನೇ ಒಬ್ಬ ಮನುಷ್ಯ ಸತ್ತ ಮೇಲೆ ಅವನನ್ನೇ ಅಜಾಗರೂಕ ಅಂತ ಬರೆದ್ರಿ. ಅದನ್ನೂ ನೋಡದೇ ಬರೆದ್ರಾ?”

“ನಾನು ಅವನನ್ನ ಕೊಂದಿಲ್ಲ!”

“ಸ್ಯಾಂಪಲ್ ಎಲ್ಲಿ?”

ಪ್ರೊಫೆಸರ್ ಎದ್ದು ಪದಕಗಳ ಕಪಾಟಿನ ಕೆಳಗಿನ ಖಾನೆಯ ಬೀಗ ತೆಗೆದರು. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಜೇನಿನ ಬಣ್ಣದ ಪಟ್ಟಿಗಳು, ಒಂದೊಂದರ ಮೇಲೂ ಸತ್ತವನ ಕೈಬರಹದ ಚೀಟಿ.

“ಮಾಲೀಕರಿಗೆ ಕೊಡಲಿಲ್ಲ ಯಾಕೆ?”

“ಅವನು ಸತ್ತ ಸುದ್ದಿ ಬಂತಲ್ಲ. ನಾಳೆ ಎಲ್ಲಾನೂ ನನ್ನ ತಲೆಗೇ ಕಟ್ಟಿದ್ರೆ ಕೈಯಲ್ಲೊಂದು ಆಧಾರ ಇರಲಿ ಅಂತ ಇಟ್ಕೊಂಡೆ.”

“ಚೆನ್ನಾಗಿದೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು.” ಅವಳು ಚೀಲವನ್ನು ದಫೇದಾರರ ಕೈಗಿಟ್ಟಳು. “ಜೀಪಿಗೆ ತಗೊಂಡು ಹೋಗಿ ಸೀಲ್ ಮಾಡಿ. ಈ ಕೇಸಿನಲ್ಲಿ ನಮಗಿರೋ ಜೀವ ಇದೊಂದೇ. ಹುಷಾರು.”

“ನನಗೆ ಹೇಳಬೇಕಾ ಮೇಡಂ?” ಎಂದು ದಫೇದಾರರು ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಬಾಗಿಲನ್ನು ಹಾಗೇ ತೆರೆದುಬಿಟ್ಟು ಹೋದರು.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಪ್ರೊಫೆಸರರ ಎದುರಿಗೆ ಕುಳಿತಳು.

“ಈಗ ಆ ದಿನದ ವಿಷಯ. ಕಪಾಟು ಇರೋದು ಮೈಕ್ರೋಸ್ಕೋಪ್ ಕೋಣೆ ಎದುರಿಗೆ. ರಜೆ ದಿನ ಸಂಜೆ ನೀವು ಕಪಾಟು ತೆಗೆದಾಗ ಅವನು ಕೋಣೆ ಒಳಗಿದ್ದ. ಏನು ನೋಡಿದ್ರಿ?”

ಆ ಕೋಣೆಯನ್ನು ಅವಳು ಬೇಕಾದಷ್ಟು ಸಲ ನೋಡಿದ್ದಳು. ಕಿಟಕಿಯಿಲ್ಲ. ಬಾಗಿಲಿಗೆ ಅಂಗೈಯಗಲದ ಗಾಜು. ಯಂತ್ರವನ್ನು ತಣ್ಣಗಿಡಲು ದ್ರವ ನೈಟ್ರೋಜನ್ನಿನ ದೊಡ್ಡ ಕ್ಯಾನು. ಅದರ ಮುಚ್ಚಳ ಸಡಿಲಾದರೆ ದ್ರವ ಆವಿಯಾಗಿ ಕೋಣೆ ತುಂಬುತ್ತದೆ, ಉಸಿರಾಡುವ ಗಾಳಿಯನ್ನು ಹೊರಗೆ ದಬ್ಬುತ್ತದೆ. ನಾತವಿಲ್ಲ, ಕೆಮ್ಮಿಲ್ಲ. ತಲೆ ಸುತ್ತಿದಂತಾಗಿ ಕೂರುತ್ತೀರಿ, ಮತ್ತೆ ಏಳುವುದಿಲ್ಲ. ಎಚ್ಚರಿಸಲೆಂದೇ ಗೋಡೆಯ ಮೇಲೆ ಒಂದು ಅಲಾರಂ ಇತ್ತು. ಸುಮ್ಮನೆ ಕಿರುಚುತ್ತದೆ, ಕೆಟ್ಟಿದೆ ಎಂದು ಯಾರೋ ಅದನ್ನು ಬಿಚ್ಚಿಸಿದ್ದರು. ಬಿಚ್ಚಿಸಿದವರು ಯಾರೆಂದು ಕೇಳಿದರೆ ಸಂಸ್ಥೆಯಲ್ಲಿ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಿದ್ದರು.

“ಗಾಜಿನೊಳಗಿಂದ ಇಣುಕಿ ನೋಡಿದೆ” ಎಂದರು ಪ್ರೊಫೆಸರ್. “ಅವನು ಹೊರಗೆ ಬಂದುಬಿಟ್ರೆ ಅಂತ ಭಯ. ಒಳಗೆ ಮಂಜು ಕವಿದ ಹಾಗಿತ್ತು. ನೆಲದ ಮೇಲೆಲ್ಲ ಬಿಳಿ ಹೊಗೆ. ಅದರ ಮಧ್ಯೆ ಒಬ್ಬ ನಿಂತಿದ್ದ. ಮುಖಕ್ಕೆ ಮಾಸ್ಕು, ಆಸ್ಪತ್ರೇಲಿ ಹಾಕ್ತಾರಲ್ಲ, ಆ ಥರದ್ದು. ಹೆಗಲಿಗೆ ಒಂದು ಪುಟ್ಟ ಸಿಲಿಂಡರ್ ನೇತುಹಾಕ್ಕೊಂಡಿದ್ದ.”

ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದಳು. ಮಾಸ್ಕಿನ ವಿಷಯ ಇವತ್ತಿನವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ.

“ಯಾರು ಅವನು?”

“ಮುಖ ಕಾಣಿಸಲಿಲ್ಲ. ನಮ್ಮ ಹುಡುಗ ಹೊಗೆಯೊಳಗೆ ಎಲ್ಲೋ ಬಿದ್ದಿರಬೇಕು, ಇವನೇ ಕೊಲೆಗಾರ ಅಂತ ಆಮೇಲೆ ಗೊತ್ತಾಯ್ತು. ವಿಷದ ಗಾಳಿ ಬಿಟ್ಟು, ತಾನು ಮಾತ್ರ ಮಾಸ್ಕ್ ಹಾಕ್ಕೊಂಡು ನಿಂತಿದ್ದ. ನನ್ನನ್ನ ನೋಡಿದ. ನೋಡಿ, ಹೀಗೆ ಕೈ ಎತ್ತಿದ.” ಪ್ರೊಫೆಸರ್ ಕಪ್ಪು ಅಂಗೈಯನ್ನು ಗಾಳಿಯಲ್ಲಿ ಎತ್ತಿ ಅಲ್ಲಾಡಿಸಿದರು. “ಹೋಗು, ಇಲ್ಲಿಂದ ಹೋಗು ಅನ್ನೋ ಹಾಗೆ. ಎರಡು ಸಲ. ನಾನು ಓಡಿಬಿಟ್ಟೆ.”

“ಅದು ಕೊಲೆಗಾರ ಅಲ್ಲ.”

ಇಬ್ಬರೂ ತಿರುಗಿ ನೋಡಿದರು. ತೆರೆದ ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಬೆಂಚಿನಿಂದ ಯಾವಾಗ ಎದ್ದು ಬಂದಳೋ.

“ಅದು ಅವರೇ” ಎಂದಳು. “ಮಾಸ್ಕು, ಸಿಲಿಂಡರ್ ನಾನೇ ಕೊಟ್ಟಿದ್ದು. ಅಲಾರಂ ಕಿತ್ತು ಹಾಕಿದ್ದಾರೆ, ಒಳಗೆ ಹೋದ್ರೆ ತಲೆ ದಿಮ್ಮೆನ್ನುತ್ತೆ, ಆದ್ರೂ ಉಳಿದ ಪಟ್ಟಿಗಳ ಚಿತ್ರ ತೆಗೀಲೇಬೇಕು ಅಂತಿದ್ರು. ಬರಿಗೈಲಿ ಹೋಗಬೇಡಿ ಅಂತ ವಾರ್ಡಿಂದ ತಂದುಕೊಟ್ಟೆ.”

ಚೆಲ್ಲಿದ ಕಾಫಿ ಮೇಜಿನ ಅಂಚಿಗೆ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ನರ್ಸ್ ಒಂದೊಂದೇ ಹೆಜ್ಜೆ ಇಟ್ಟು ಪ್ರೊಫೆಸರರ ಮುಂದೆ ಬಂದು ನಿಂತಳು.

“ನೀವು ನಮ್ಮ ಮದುವೆಗೆ ಬಂದಿದ್ರಿ. ‘ಇವನು ನನ್ನ ಮಗ ಇದ್ದ ಹಾಗೆ’ ಅಂತ ನನ್ನ ಕೈ ಹಿಡಿದು ಹೇಳಿದ್ರಿ. ಅವರ ನಿಲುವು ಗೊತ್ತಾಗಲಿಲ್ವಾ ನಿಮಗೆ? ಅವರ ಕೈ ಗೊತ್ತಾಗಲಿಲ್ವಾ?”

“ತಾಯಿ, ಮಂಜಿತ್ತು, ಮಾಸ್ಕಿತ್ತು...”

“ಹೋಗು ಅಂತ ಕೈ ಎತ್ತಿದ್ದಲ್ಲ ಅವರು.” ಆಕೆಯ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. “ಕರೆದಿದ್ದು! ಸಾಯ್ತಾ ನಿಮ್ಮನ್ನ ಕರೆದಿದ್ದು. ಬಾಗಿಲು ತೆಗೆದಿದ್ರೆ ಸಾಕಿತ್ತು. ಒಂದು ಬಾಗಿಲು! ಪಟ್ಟಿ ಕದಿಯೋಕೆ ಕಪಾಟಿನ ಬಾಗಿಲು ತೆಗೆದ ಕೈಗೆ ಆ ಬಾಗಿಲು ಭಾರವಾಯ್ತಾ?”

ಪ್ರೊಫೆಸರ್ ಕಪ್ಪು ಕೈಯಿಂದಲೇ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದರು.

ನರ್ಸ್ ಕೈ ಎತ್ತಿದಳು. ಹೊಡೆದುಬಿಡುತ್ತಾಳೆ ಎಂದುಕೊಂಡಳು ಇನ್ಸ್‌ಪೆಕ್ಟರ್. ತಡೆಯಲು ಹೋಗಲಿಲ್ಲ. ಆದರೆ ಆಕೆ ಹೊಡೆಯಲಿಲ್ಲ. ಎತ್ತಿದ ಕೈಯಿಂದ ತನ್ನದೇ ಬಾಯಿ ಒತ್ತಿಹಿಡಿದುಕೊಂಡು ಗೋಡೆಗೆ ಒರಗಿದಳು.

ಇನ್ಸ್‌ಪೆಕ್ಟರಳ ತಲೆ ಮಾತ್ರ ಬೇರೆ ಕಡೆ ಓಡುತ್ತಿತ್ತು. ಸತ್ತವನಿಗೆ ಮಾಸ್ಕ್ ಇತ್ತು. ಉಸಿರಾಡಲು ಆಮ್ಲಜನಕ ಇತ್ತು. ಹಾಗಿದ್ದರೆ ಸತ್ತದ್ದು ಹೇಗೆ? ಮಾರನೇ ಬೆಳಿಗ್ಗೆ ಕೋಣೆಯಲ್ಲಿ ಹೆಣ ಇತ್ತು, ಕ್ಯಾನು ಇತ್ತು. ಮಾಸ್ಕ್ ಇರಲಿಲ್ಲ, ಸಿಲಿಂಡರ್ ಇರಲಿಲ್ಲ.

“ಸಿಸ್ಟರ್, ಇದನ್ನ ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?”

ನರ್ಸ್ ಕಣ್ಣೊರೆಸಿಕೊಂಡು ಅವಳನ್ನು ವಿಚಿತ್ರವಾಗಿ ನೋಡಿದಳು. “ನಿಮಗೆ ಗೊತ್ತಿದೆಯಲ್ಲ ಮೇಡಂ.”

“ಏನು ಗೊತ್ತಿದೆ?”

“ವಾರ್ಡಿನ ಸಾಮಾನು ಕೊಟ್ಟಿದ್ದಕ್ಕೆ ಕೆಲಸ ಹೋಗುತ್ತೆ ಅಂತ ಮೊದಲು ಹೆದರಿ ಸುಮ್ಮನಿದ್ದೆ. ಆಮೇಲೆ ನೀವೇ ತಾನೇ ವಾಪಸ್ ಕಳಿಸಿದ್ದು? ನಿನ್ನೆ ರಜೆ ಮುಂದುವರಿಸೋಕೆ ಅಂತ ಆಸ್ಪತ್ರೆಗೆ ಹೋಗಿದ್ದೆ. ಮೆಟ್ಟಿಲ ಹತ್ತಿರ ಒಬ್ಬರು ಕಾಯ್ತಾ ನಿಂತಿದ್ರು. ‘ಸ್ಟೇಷನ್ನಿಂದ ಬಂದಿದ್ದೀನಮ್ಮ, ಮೇಡಂ ಕಳಿಸಿದ್ದಾರೆ, ವಾರ್ಡಿನ ಸಾಮಾನು ವಾರ್ಡಿಗೆ ಸೇರಲಿ, ನಿಮ್ಮ ಕೆಲಸಕ್ಕೆ ಕುತ್ತು ಬರಬಾರದು, ಯಾರ ಹತ್ರಾನೂ ಬಾಯಿ ಬಿಡಬೇಡಿ’ ಅಂತ ಮಾಸ್ಕು ಸಿಲಿಂಡರ್ ಕೊಟ್ರು. ನೀವು ಎಷ್ಟು ದೊಡ್ಡ ಮನಸ್ಸಿನವರು ಅಂದ್ಕೊಂಡೆ.”

“ಯಾರು? ಯಾರು ಬಂದಿದ್ದು?”

“ಈಗ ಚೀಲ ತಗೊಂಡು ಕೆಳಗೆ ಹೋದ್ರಲ್ಲ, ಅವರೇ. ನಿನ್ನೆ ಯೂನಿಫಾರಂ ಇರಲಿಲ್ಲ, ಆದ್ರೂ ಈಗ ಹೊರಗೆ ಬಂದಾಗ ಗುರುತು ಸಿಕ್ತು. ನಮಸ್ಕಾರ ಮಾಡಿ, ‘ಸಿಲಿಂಡರ್ ತಂದುಕೊಟ್ಟು ದೊಡ್ಡ ಉಪಕಾರ ಮಾಡಿದ್ರಿ ಅಣ್ಣ’ ಅಂದೆ. ಅವರು ಮಾತೇ ಆಡಲಿಲ್ಲ. ದಡಬಡ ಇಳಿದು ಹೋದ್ರು.”

ಇನ್ಸ್‌ಪೆಕ್ಟರಿಗೆ ಹೆಣ ಸಿಕ್ಕ ದಿನ ನೆನಪಾಯಿತು.

ಆ ಬೆಳಿಗ್ಗೆ ಮೊದಲು ಕೋಣೆಯೊಳಗೆ ಕಾಲಿಟ್ಟವರು ದಫೇದಾರರು. ‘ಒಳಗಿನ ಗಾಳಿ ಸರಿಯಿಲ್ಲ ಮೇಡಂ, ನೀವು ಹೊರಗೇ ಇರಿ, ನಾನು ನೋಡ್ಕೊಂಡು ಬರ್ತೀನಿ’ ಎಂದು ಅವಳನ್ನು ಕಾರಿಡಾರಿನಲ್ಲೇ ನಿಲ್ಲಿಸಿದ್ದರು. ತಂದೆಯಂಥ ಮನುಷ್ಯ ಎಂದು ಅವಳ ಕಣ್ಣು ಆಗ ಒದ್ದೆಯಾಗಿತ್ತು.

ಕೆಳಗೆ ಜೀಪಿನ ಎಂಜಿನ್ ಗುರ್ ಎಂದಿತು.

ಅವಳು ಪರದೆಯನ್ನು ಕಿತ್ತೇ ಎಳೆದಳು. ಜೀಪು ಆಗಲೇ ತಿರುಗಿತ್ತು. ಚಾಲಕನ ಸೀಟಿನಲ್ಲಿ ದಫೇದಾರರು, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ. ಅವಳ ಕೂಗಿಗೆ ಗೇಟಿನ ಕಾವಲುಗಾರ ತಲೆ ಎತ್ತಿ ನೋಡಿದ, ಜೀಪಿಗೆ ಸಲಾಮು ಹೊಡೆದು ಗೇಟು ತೆಗೆದುಬಿಟ್ಟ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹೊಲದಲ್ಲಿ ಉಳಿದಿದ್ದ ಒಂದೇ ಪೈರನ್ನೂ ಅವಳೇ ಕೈಯಾರೆ ಅದರ ಬಾಯಿಗಿಟ್ಟಿದ್ದಳು.

ಕಂಟ್ರೋಲ್ ರೂಮಿಗೆ ಹೇಳಲು ಫೋನ್ ಎತ್ತುವಷ್ಟರಲ್ಲಿ ಅದೇ ರಿಂಗಾಯಿತು. ದಫೇದಾರರು.

“ಎಲ್ಲಿಗೆ ಹೋಗ್ತೀರಿ? ಎಷ್ಟು ದೂರ ಹೋಗ್ತೀರಿ?” ಅವಳ ದನಿ ಈ ಸಲ ಏರಿತು. “ಕೈ ಹಿಡಿದು ಕಲಿಸಿದ್ರಲ್ಲ, ಇದನ್ನೇ ಮಾಡೋಕೆ ಕಲಿಸಿದ್ರಾ? ಸೆರೆ ಹಿಡಿಯೋದು ಹೆಂಗೆ ಅಂತಾನೂ ನೀವೇ ಕಲಿಸಿದ್ದೀರಿ. ಮರೀಬೇಡಿ!”

“ಬೈಯೋದು ಆಮೇಲೆ ಬೈರಿ ಮೇಡಂ. ಮೊದಲು ಕೇಳಿ.” ದಫೇದಾರರು ಏದುಸಿರು ಬಿಡುತ್ತಿದ್ದರು. “ಆ ಸಿಲಿಂಡರ್. ಅದನ್ನ ಯಾರಿಗೂ ಹಾಕಬೇಡಿ ಅಂತ ವಾರ್ಡಿಗೆ ಹೇಳಿ. ಅದರೊಳಗಿರೋದು ಆಕ್ಸಿಜನ್ ಅಲ್ಲ, ನೈಟ್ರೋಜನ್ ಅಂತೆ. ಯಾರೋ ಮೊದಲೇ ಬದಲಾಯಿಸಿ ಇಟ್ಟಿದ್ರಂತೆ. ನನಗೆ ಗೊತ್ತಿರಲಿಲ್ಲ. ನನ್ನ ಮಗಳಾಣೆ, ಈಗ ಗೊತ್ತಾಯ್ತು.”

“ಯಾರು ಹೇಳಿದ್ದು?”

“ತಗೊಂಡು ಹೋಗಿ ಕೊಡು ಅಂದವರೇ. ಸಿಕ್ಕಿಬಿದ್ದೆ ಅಂತ ಈಗ ಫೋನ್ ಮಾಡಿದ್ರೆ ನಗ್ತಾರೆ ಮೇಡಂ. ‘ಇನ್ನೊಬ್ಬ ಸತ್ರೆ ಅದೂ ಆ ನರ್ಸಿನ ತಲೆಗೇ’ ಅಂತ ನಗ್ತಾರೆ!”

“ಹೆಸರು ಹೇಳ್ರಿ!”

ಫೋನ್ ಕಟ್ಟಾಯಿತು.

ಇನ್ಸ್‌ಪೆಕ್ಟರ್ ತಿರುಗಿದಳು. ನರ್ಸ್ ಎಲ್ಲವನ್ನೂ ಕೇಳಿಸಿಕೊಂಡಿರಲಿಲ್ಲ. ಆದರೆ ಸಿಲಿಂಡರ್ ಎಂಬ ಮಾತಿಗೆ ಆಕೆಯ ಕಣ್ಣುಗಳು ಅಗಲವಾಗಿದ್ದವು.

“ಸಿಸ್ಟರ್, ಆ ಸಿಲಿಂಡರನ್ನ ಎಲ್ಲಿಟ್ರಿ?”

“ಅದರ ಜಾಗದಲ್ಲೇ. ಕಿಟಕಿ ಪಕ್ಕದ ಹಾಸಿಗೆ ಹತ್ರ ಸ್ಟ್ಯಾಂಡಲ್ಲಿ. ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ ಮೊದಲು ಕೈಗೆ ಸಿಗೋದೇ ಅದು. ಯಾಕೆ ಮೇಡಂ? ಯಾಕೆ?”

ಇನ್ಸ್‌ಪೆಕ್ಟರ್ ವಾರ್ಡಿನ ನಂಬರ್ ಒತ್ತಿದಳು. ರಿಂಗಾಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು. ಹಿನ್ನೆಲೆಯಲ್ಲಿ ಓಡುವ ಹೆಜ್ಜೆಗಳು, ಕಬ್ಬಿಣದ ಮಂಚವನ್ನು ಎಳೆಯುವ ಸದ್ದು.

“ನಾನು ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಕಿಟಕಿ ಪಕ್ಕದ ಸಿಲಿಂಡರ್...”

“ಆಮೇಲೆ ಮಾಡ್ರೀ!” ಎಂದಿತು ಒಂದು ಹುಡುಗಿಯ ದನಿ. “ಇಲ್ಲೊಬ್ಬರಿಗೆ ಉಸಿರಾಟ ನಿಲ್ತಾ ಇದೆ. ಈಗ ತಾನೇ ಮಾಸ್ಕ್ ಹಾಕಿದ್ದೀವಿ, ಆದ್ರೂ ನೀಲಿಗಟ್ತಾ ಇದ್ದಾರೆ. ಏಯ್, ಇನ್ನೂ ಜೋರಾಗಿ ತಿರುಗಿಸ್ರೇ ಅದನ್ನ!”

ರಿಸೀವರು ಕೆಳಗೆ ಬಿದ್ದ ಸದ್ದಾಯಿತು. ಇನ್ಸ್‌ಪೆಕ್ಟರ್ ಕಿರುಚತೊಡಗಿದಳು.